ಗೋಡೆಯ ಯಾವ ಕಡೆ ನಮ್ಮವರಿದ್ದಾರೆ?

ಒಂದು ಚೀಸ್ ಗಡ್ಡೆಯಿಂದ ಶುರು ಮಾಡುತ್ತೇನೆ. ಚರ್ಚ್ ಮತ್ತು ಸರ್ಕಾರ ಬೇರೆ ಇರಬೇಕಾ ಅನ್ನೋದರಲ್ಲಿ ಪಕ್ಷಗಳ ನಿಲುವು ಹೇಗೆ ಬದಲಾಗುತ್ತಾ ಬಂತು ಅಂತ ಒಂದು ಸಭೆಯಲ್ಲಿ ಮಾತಾಡಿದ್ದೆ, ಅದರ ಬರಹ ಇದು. ಅವತ್ತೂ ಅಲ್ಲಿಂದಲೇ ಶುರು ಮಾಡಿದ್ದೆ. ಬರೆಯುವಾಗ ಕ್ರಮ ಬದಲಾಯಿಸಿ ನೋಡಿದೆ, ಸರಿ ಬರಲಿಲ್ಲ.

1802ರ ಜನವರಿ 1. ಅಮೆರಿಕದ ಅಧ್ಯಕ್ಷ ಥಾಮಸ್ ಜೆಫರ್ಸನ್ ಅವರ ಮನೆ ಬಾಗಿಲಿಗೆ 1,235 ಪೌಂಡ್ ತೂಕದ ಚೀಸ್ ಬಂತು. ಹತ್ತಿರ ಹತ್ತಿರ 560 ಕಿಲೋ. ಮ್ಯಾಸಚೂಸೆಟ್ಸ್‌ನ ಚೆಷೈರ್ ಅನ್ನೋ ಸಣ್ಣ ಊರಿನ ರೈತರು ಹಿಂದಿನ ಬೇಸಿಗೆಯಲ್ಲಿ ಊರ ಹಾಲನ್ನೆಲ್ಲ ಒಟ್ಟು ಮಾಡಿದ್ದರು. ಸೇಬಿನ ರಸ ಹಿಂಡುವ ದೊಡ್ಡ ಒತ್ತುಯಂತ್ರದಲ್ಲಿ ಒತ್ತಿ ಅದನ್ನು ಮಾಡಿದ್ದರು. ಆಮೇಲೆ ಜಾರುಬಂಡಿ, ದೋಣಿ, ಗಾಡಿ ಅಂತ ವಾರಗಟ್ಟಲೆ ಸಾಗಿಸಿ ತಂದರು. ಎದುರು ಪಕ್ಷವಾದ ಫೆಡರಲಿಸ್ಟರ ಹಸುಗಳ ಒಂದು ತೊಟ್ಟು ಹಾಲನ್ನೂ ಇದಕ್ಕೆ ಸೇರಿಸಿಲ್ಲ ಅಂತ ಒಂದು ಕಥೆಯೂ ಇದೆ. ತಂದುಕೊಟ್ಟವರು ಜಾನ್ ಲೀಲ್ಯಾಂಡ್, ಬ್ಯಾಪ್ಟಿಸ್ಟ್ ಅನ್ನೋ ಕ್ರೈಸ್ತ ಪಂಗಡದ ಪಾದ್ರಿ.

ಪಾದ್ರಿಯೊಬ್ಬರು ಜೆಫರ್ಸನ್‌ಗೆ ಚೀಸ್ ತಂದುಕೊಡೋದು ಅಂದರೆ ಸ್ವಲ್ಪ ವಿಚಿತ್ರ ಅಲ್ವಾ? ಜೆಫರ್ಸನ್ ಪವಾಡಗಳನ್ನು ನಂಬುತ್ತಿರಲಿಲ್ಲ. 1800ರ ಚುನಾವಣೆಯಲ್ಲಿ ಫೆಡರಲಿಸ್ಟ್ ಪಾದ್ರಿಗಳು ಅವರನ್ನು ನಾಸ್ತಿಕ ಅಂತ ಚರ್ಚಿನ ವೇದಿಕೆಯಿಂದಲೇ ಬೈದಿದ್ದರು. ಆದರೆ ಬ್ಯಾಪ್ಟಿಸ್ಟರ ಕಷ್ಟವೇ ಬೇರೆ ಇತ್ತು. ಮ್ಯಾಸಚೂಸೆಟ್ಸ್, ಕನೆಕ್ಟಿಕಟ್ ರಾಜ್ಯಗಳಲ್ಲಿ ಆಗ ಕಾಂಗ್ರಿಗೇಷನಲ್ ಪಂಗಡಕ್ಕೆ ಸರ್ಕಾರದ ಬೆಂಬಲ ಇತ್ತು, ಅದರ ಪಾದ್ರಿಗಳ ಸಂಬಳಕ್ಕೆ ಊರಿನವರೆಲ್ಲ ತೆರಿಗೆ ಕಟ್ಟಬೇಕಿತ್ತು. ನಾನು ಬ್ಯಾಪ್ಟಿಸ್ಟ್, ನನ್ನ ದುಡ್ಡು ಅವರಿಗೆ ಹೋಗೋದು ಬೇಡ ಅಂದರೆ ಅದಕ್ಕೊಂದು ಪ್ರಮಾಣಪತ್ರ ಬರೆಸಿ ತಂದು ಕೊಡಬೇಕು. ಸರ್ಕಾರ ಯಾವ ಧರ್ಮವನ್ನೂ ಅಧಿಕೃತ ಮಾಡಬಾರದು ಅನ್ನೋ ಸಂವಿಧಾನದ ಮೊದಲ ತಿದ್ದುಪಡಿ 1791ರಲ್ಲೇ ಬಂದಿತ್ತು, ನಿಜ. ಆದರೆ ಅದು ಕಟ್ಟಿಹಾಕಿದ್ದು ಕೇಂದ್ರದ ಕಾಂಗ್ರೆಸ್ಸನ್ನು ಮಾತ್ರ. ರಾಜ್ಯಗಳು ತಮ್ಮ ಪಾಡಿಗೆ ತಾವು ಹಳೇ ದಾರಿಯಲ್ಲೇ ನಡೆದಿದ್ದವು.

ಅದೇ ಜನವರಿ 1ರಂದು ಜೆಫರ್ಸನ್ ಕನೆಕ್ಟಿಕಟ್‌ನ ಡ್ಯಾನ್ಬರಿಯ ಬ್ಯಾಪ್ಟಿಸ್ಟರಿಗೆ ಒಂದು ಪತ್ರ ಬರೆದರು. ಚರ್ಚ್ ಮತ್ತು ಸರ್ಕಾರದ ನಡುವಿನ "ಗೋಡೆ" ಅನ್ನೋ ಮಾತು ಮನೆಮಾತಾಗಿದ್ದು ಆ ಪತ್ರದಿಂದ. ಇವತ್ತಿಗೂ ಕೋರ್ಟಿನಲ್ಲಿ, ಪ್ರಚಾರ ಭಾಷಣಗಳಲ್ಲಿ ಅದನ್ನು ಎತ್ತಿ ಆಡುತ್ತಾರೆ.

ಆ ಪತ್ರದ ಕರಡು ಪ್ರತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಾನು ಹೇಳಬೇಕಾದ ವಿಷಯವೆಲ್ಲ ಅದರಲ್ಲೇ ಇದೆ. ಅಧ್ಯಕ್ಷನಾಗಿ ನಾನು ಉಪವಾಸದ ದಿನ, ಪ್ರಾರ್ಥನೆಯ ದಿನ ಅಂತ ಯಾಕೆ ಘೋಷಿಸೋದಿಲ್ಲ ಅಂತ ಜೆಫರ್ಸನ್ ಮೊದಲು ಅದರಲ್ಲಿ ಬರೆದಿದ್ದರು. ಆಮೇಲೆ ಕರಡನ್ನು ತಮ್ಮ ಅಟಾರ್ನಿ ಜನರಲ್ ಲೀವೈ ಲಿಂಕನ್‌ಗೆ ತೋರಿಸಿದರು. ಲಿಂಕನ್ ಮ್ಯಾಸಚೂಸೆಟ್ಸ್‌ನವರು, ಊರ ಕಡೆಯ ಗಾಳಿ ಗೊತ್ತಿದ್ದವರು. ಅಲ್ಲಿನ ನಮ್ಮ ಪಕ್ಷದವರಿಗೂ ಈ ಪ್ರಾರ್ಥನೆ ದಿನಗಳು ಅಂದರೆ ಇಷ್ಟ, ಈ ಸಾಲು ಬೇಡ ಅಂದರು. ಜೆಫರ್ಸನ್ ಹೊಡೆದುಹಾಕಿದರು. ಪೂರ್ವದ ರಾಜ್ಯಗಳ ನಮ್ಮ ರಿಪಬ್ಲಿಕನ್ ಗೆಳೆಯರಿಗೆ ಮುಜುಗರ ಆಗಬಹುದು ಅಂತ ಈ ಭಾಗ ಬಿಟ್ಟಿದ್ದೇನೆ, ಅಂತ ಪಕ್ಕದ ಅಂಚಿನಲ್ಲಿ ತಾವೇ ಬರೆದಿಟ್ಟರು. ಆ ರಿಪಬ್ಲಿಕನ್ ಜೆಫರ್ಸನ್ನರ ಪಕ್ಷ, ಈಗಿನ ರಿಪಬ್ಲಿಕನ್ ಪಕ್ಷ ಬೇರೆ. ಶಾಯಿ ಬಳಿದು ಮುಚ್ಚಿದ್ದ ಆ ಸಾಲುಗಳನ್ನು 1998ರಲ್ಲಿ ಎಫ್‌ಬಿಐ ಪ್ರಯೋಗಾಲಯದವರು ಓದುವ ಹಾಗೆ ಮಾಡಿಕೊಟ್ಟರು.

ಗೋಡೆ ಅನ್ನೋ ಮಾತನ್ನು ಮನೆಮಾತು ಮಾಡಿದ ಹಾಳೆಯ ಮೇಲೆಯೇ ಪಕ್ಷದ ಲೆಕ್ಕಾಚಾರವೂ ಇದೆ. ಇದರಿಂದ ಜೆಫರ್ಸನ್ ಸುಳ್ಳು ಹೇಳುತ್ತಿದ್ದರು ಅಂತ ಆಗೋದಿಲ್ಲ. ಅವರು ಅದನ್ನು ನಿಜವಾಗಿ ನಂಬಿದ್ದರು. ಆದರೆ ಪಕ್ಷ ಅಂದ ಮೇಲೆ ಅದರಲ್ಲಿ ಜನ ಇರುತ್ತಾರೆ. ಆ ಜನ ಯಾವ ಚರ್ಚಿಗೆ ಹೋಗುತ್ತಾರೆ, ಆ ಚರ್ಚಿಗೆ ಸರ್ಕಾರದಿಂದ ಏನು ಸಿಗುತ್ತಿದೆ, ಏನು ತಪ್ಪುತ್ತಿದೆ, ಇದರ ಮೇಲೆ ಪಕ್ಷದ ನಿಲುವು ನಿಲ್ಲುತ್ತದೆ. ಜನ ಬದಲಾದರೆ ನಿಲುವೂ ಬದಲಾಗುತ್ತದೆ. ಮಾತುಗಳು ಮಾತ್ರ ಹಾಗೇ ಉಳಿದು ಇವರ ಬಾಯಿಂದ ಅವರ ಬಾಯಿಗೆ ಹೋಗುತ್ತವೆ.

ಕನೆಕ್ಟಿಕಟ್‌ನಲ್ಲಿ ಮುಂದೆ ಏನಾಯಿತು ನೋಡಿ. ಅಲ್ಲಿನ ಎಪಿಸ್ಕೋಪಲ್ ಪಂಗಡದವರು ತುಂಬಾ ಕಾಲ ಫೆಡರಲಿಸ್ಟರ ಜೊತೆಗೇ ಇದ್ದರು. ಒಂದು ಬ್ಯಾಂಕಿಗೆ ಪರವಾನಗಿ ಕೊಟ್ಟಾಗ ಬಂದ ದುಡ್ಡಿನಲ್ಲಿ ತಮ್ಮ ಬಿಷಪ್ಪರ ನಿಧಿಗೂ ಪಾಲು ಸಿಗುತ್ತದೆ ಅಂತ ಕಾದರು. ಸಿಗಲಿಲ್ಲ. ಬೇಸತ್ತು ಜೆಫರ್ಸನ್ ಕಡೆಯವರ ಜೊತೆ ಸೇರಿಕೊಂಡರು. ಹಾಗೆ ಹುಟ್ಟಿದ್ದು ಟಾಲರೇಷನ್ ಪಕ್ಷ, ಅಂದರೆ ಸಹಿಷ್ಣುತೆಯ ಪಕ್ಷ. 1818ರಲ್ಲಿ ಅವರು ಹೊಸ ರಾಜ್ಯ ಸಂವಿಧಾನ ತಂದು ಕಾಂಗ್ರಿಗೇಷನಲ್ ಚರ್ಚಿನ ವಿಶೇಷ ಸ್ಥಾನ ತೆಗೆದರು. ಲೈಮನ್ ಬೀಚರ್ ಅನ್ನೋ ಹೆಸರಾಂತ ಪಾದ್ರಿ ಆಗ ಎಲ್ಲ ಮುಳುಗಿಹೋಯಿತು ಅಂತ ಕುಸಿದು ಕೂತಿದ್ದರು. ಎಷ್ಟೋ ವರ್ಷ ಆದ ಮೇಲೆ ಅವರೇ ತಮ್ಮ ಆತ್ಮಕಥೆಯಲ್ಲಿ, ಕನೆಕ್ಟಿಕಟ್‌ಗೆ ಆದ ಒಳ್ಳೆಯದರಲ್ಲೆಲ್ಲ ಇದೇ ದೊಡ್ಡದು, ಸರ್ಕಾರದ ಆಸರೆ ತಪ್ಪಿದ ಮೇಲೆ ಚರ್ಚುಗಳು ತಮ್ಮ ಕಾಲ ಮೇಲೆ ತಾವು ನಿಂತವು ಅಂತ ಹೇಳಿಕೊಂಡರು. ಇಂಥ ಪ್ರಾಮಾಣಿಕತೆ ಕಂಡಾಗ ನನಗೆ ನಿಜವಾಗಿ ಖುಷಿ ಆಗುತ್ತದೆ. ಸೋತ ಮೇಲೆ ಸೋಲಿನಿಂದ ಕಲಿತು ಬಾಯಿಬಿಟ್ಟು ಹೇಳುವವರು ಕಡಿಮೆ.

ಈಗ ಶಾಲೆಗೆ ಬರೋಣ. ಚರ್ಚ್ ಮತ್ತು ಸರ್ಕಾರದ ಜಗಳ ಯಾವ ದೇಶದಲ್ಲೇ ಆಗಲಿ, ಕೊನೆಗೆ ಬಂದು ನಿಲ್ಲೋದು ಶಾಲೆಯ ಬಾಗಿಲಲ್ಲಿ. ದುಡ್ಡೂ ಅಲ್ಲೇ ಇದೆ, ಮಕ್ಕಳೂ ಅಲ್ಲೇ ಇದ್ದಾರೆ.

1840ರ ಹೊತ್ತಿಗೆ ಐರ್ಲೆಂಡ್‌ನಿಂದ ಕ್ಯಾಥೊಲಿಕರು ಹಡಗು ಹಡಗು ತುಂಬಿ ಅಮೆರಿಕಕ್ಕೆ ಬರುತ್ತಿದ್ದರು. ಸರ್ಕಾರಿ ಶಾಲೆಗಳಲ್ಲಿ ಓದಿಸುತ್ತಿದ್ದದ್ದು ಕಿಂಗ್ ಜೇಮ್ಸ್ ಬೈಬಲ್, ಅಂದರೆ ಪ್ರಾಟೆಸ್ಟೆಂಟರ ಬೈಬಲ್. ನಮ್ಮ ಮಕ್ಕಳಿಗೆ ಅದು ಬೇಡ, ಇಲ್ಲವೇ ನಮ್ಮ ಶಾಲೆಗೂ ತೆರಿಗೆ ದುಡ್ಡಿನ ಪಾಲು ಕೊಡಿ ಅಂತ ನ್ಯೂಯಾರ್ಕ್‌ನ ಬಿಷಪ್ ಜಾನ್ ಹ್ಯೂಸ್ ಕೇಳಿದರು. ಆಗ ಅಲ್ಲಿನ ಗವರ್ನರ್ ವಿಲಿಯಂ ಸಿವರ್ಡ್, ವ್ಹಿಗ್ ಪಕ್ಷದವರು. ಮಕ್ಕಳಿಗೆ ಅವರದೇ ಭಾಷೆ, ಅವರದೇ ನಂಬಿಕೆಯ ಮೇಷ್ಟ್ರು ಇರುವ ಶಾಲೆ ಇರಲಿ ಅಂತ ಅವರು ಹೇಳಿದರು. ಅವರ ಪಕ್ಷದವರೇ ಸಿಡಿದೆದ್ದರು. ಆ ಸಿಟ್ಟು ಇಪ್ಪತ್ತು ವರ್ಷ ಆರಲಿಲ್ಲ. 1860ರಲ್ಲಿ ಅಧ್ಯಕ್ಷ ಸ್ಥಾನದ ಟಿಕೆಟ್ ಸಿವರ್ಡ್ ಕೈತಪ್ಪಿ ಅಬ್ರಹಾಂ ಲಿಂಕನ್‌ಗೆ ಹೋದದ್ದಕ್ಕೆ ಇದೂ ಒಂದು ಕಾರಣ. ಫಿಲಡೆಲ್ಫಿಯಾದಲ್ಲಂತೂ 1844ರಲ್ಲಿ ಗಲಭೆಯೇ ಆಯಿತು. ಚರ್ಚುಗಳು ಸುಟ್ಟವು, ಜನ ಸತ್ತರು. ಶಾಲೆಯಲ್ಲಿ ಯಾವ ಬೈಬಲ್ ಓದಬೇಕು ಅನ್ನೋ ಜಗಳ ಅದಕ್ಕೆ ಕಿಡಿಯಾಗಿತ್ತು.

1855ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ನೋ-ನಥಿಂಗ್ ಪಕ್ಷ ಅಧಿಕಾರದಲ್ಲಿತ್ತು, ವಲಸಿಗರನ್ನು ಕಂಡರೆ ಆಗದವರ ಪಕ್ಷ ಅದು. ಪಂಗಡದ ಶಾಲೆಗಳಿಗೆ ಸರ್ಕಾರದ ದುಡ್ಡು ಕೊಡಬಾರದು ಅಂತ ತಿದ್ದುಪಡಿ ತಂದರು. ಅದೇ ವರ್ಷ ಸರ್ಕಾರಿ ಶಾಲೆಗಳಲ್ಲಿ ದಿನವೂ ಕಿಂಗ್ ಜೇಮ್ಸ್ ಬೈಬಲ್ ಓದಬೇಕು ಅಂತಲೂ ಕಾನೂನು ಮಾಡಿದರು. ಎರಡರಲ್ಲೂ ಅವರಿಗೆ ಯಾವ ವಿರೋಧವೂ ಕಾಣಲಿಲ್ಲ. ತಮ್ಮ ಧರ್ಮ ಅವರ ಕಣ್ಣಿಗೆ ಧರ್ಮ ಅಂತ ಕಾಣುತ್ತಲೇ ಇರಲಿಲ್ಲ, ಅದು ಗೋಡೆಗೆ ಬಳಿದ ಸುಣ್ಣದ ಹಾಗೆ ಸುಮ್ನೆ ಅಲ್ಲಿತ್ತು. ಧರ್ಮ ಅಂದರೆ ಪಕ್ಕದವರದ್ದು.

ಆ ಹೊತ್ತಿಗೆ ಹೊಸ ರಿಪಬ್ಲಿಕನ್ ಪಕ್ಷ ಹುಟ್ಟಿತ್ತು. ಪ್ರಾಟೆಸ್ಟೆಂಟರು ಜಾಸ್ತಿ ಅಲ್ಲಿಗೆ, ಐರಿಷ್ ಕ್ಯಾಥೊಲಿಕರು ಡೆಮಾಕ್ರಟಿಕ್ ಪಕ್ಷಕ್ಕೆ. 1875ರಲ್ಲಿ ಅಧ್ಯಕ್ಷ ಗ್ರಾಂಟ್ ಡೆಮೋಯಿನ್‌ನಲ್ಲಿ ಮಾಡಿದ ಭಾಷಣದಲ್ಲಿ ಪಂಗಡದ ಶಾಲೆಗಳಿಗೆ ಒಂದು ಡಾಲರ್ ಕೂಡ ಕೊಡಬಾರದು, ಚರ್ಚನ್ನೂ ಸರ್ಕಾರವನ್ನೂ ಯಾವತ್ತಿಗೂ ಬೇರೆ ಬೇರೆ ಇಡಬೇಕು ಅಂದರು. ರಿಪಬ್ಲಿಕನ್ ಅಧ್ಯಕ್ಷರ ಮಾತು ಇದು, ನೆನಪಿಡಿ. ಅದರ ಬೆನ್ನಿಗೇ ರಿಪಬ್ಲಿಕನ್ ನಾಯಕ ಜೇಮ್ಸ್ ಬ್ಲೇನ್ ಅದನ್ನೇ ಹೇಳುವ ಸಂವಿಧಾನ ತಿದ್ದುಪಡಿ ಮಂಡಿಸಿದರು. 1876ರ ಆಗಸ್ಟ್‌ನಲ್ಲಿ ಕೆಳಮನೆಯಲ್ಲಿ 180ಕ್ಕೆ 7 ಮತಗಳಿಂದ ಪಾಸಾಯಿತು. ಸೆನೆಟ್‌ನಲ್ಲಿ 28ಕ್ಕೆ 16, ಮೂರರಲ್ಲಿ ಎರಡು ಪಾಲು ಬರಲಿಲ್ಲ, ಬಿದ್ದುಹೋಯಿತು. ಸೆನೆಟ್‌ನಲ್ಲಿ ಪರ ಇದ್ದವರು ರಿಪಬ್ಲಿಕನ್ನರು, ವಿರೋಧ ಡೆಮಾಕ್ರಟರು. ಈ ತಿದ್ದುಪಡಿಯಿಂದ ಶಾಲೆಯಲ್ಲಿ ಬೈಬಲ್ ಓದುವುದಕ್ಕೆ ಅಡ್ಡಿ ಇಲ್ಲ ಅಂತ ಸೆನೆಟ್‌ನ ಕರಡಿನಲ್ಲಿ ಬೇರೆ ಬರೆದಿತ್ತು! ಬ್ಲೇನ್ ಅವರ ತಾಯಿಯೇ ಕ್ಯಾಥೊಲಿಕ್ ಆಗಿದ್ದರು. 1884ರಲ್ಲಿ ಅವರು ಅಧ್ಯಕ್ಷ ಸ್ಥಾನಕ್ಕೆ ನಿಂತಾಗ ಒಬ್ಬ ಪ್ರಾಟೆಸ್ಟೆಂಟ್ ಪಾದ್ರಿ ಅವರ ಎದುರಿಗೇ ಡೆಮಾಕ್ರಟರನ್ನು ಹೆಂಡ, ರೋಮ್ (ಅಂದರೆ ಕ್ಯಾಥೊಲಿಕರು), ದಂಗೆಯ ಪಕ್ಷ ಅಂತ ಜರಿದರು. ಬ್ಲೇನ್ ಸುಮ್ಮನಿದ್ದರು. ಸುದ್ದಿ ಹರಡಿತು. ನ್ಯೂಯಾರ್ಕ್ ರಾಜ್ಯವನ್ನು ಸುಮಾರು ಸಾವಿರ ಮತಗಳಿಂದ ಸೋತರು, ಅದರ ಜೊತೆ ಅಧ್ಯಕ್ಷ ಸ್ಥಾನವೂ ಹೋಯಿತು.

ಕೇಂದ್ರದಲ್ಲಿ ಬಿದ್ದ ಆ ತಿದ್ದುಪಡಿ ರಾಜ್ಯಗಳಲ್ಲಿ ಬೇರು ಬಿಟ್ಟಿತು. 1889ರಲ್ಲಿ ರಾಜ್ಯವಾದ ಮೊಂಟಾನಾದ ಸಂವಿಧಾನದಲ್ಲೂ ಧರ್ಮದ ಶಾಲೆಗಳಿಗೆ ಸರ್ಕಾರದ ನೆರವು ಬೇಡ ಅನ್ನೋ ಸಾಲು ಇತ್ತು. ಮೊಂಟಾನಾ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಇದೇ ಕಾಲದ ಒಂದು ವ್ಯಂಗ್ಯಚಿತ್ರ ಇದೆ. ಬರೆದವರು ಥಾಮಸ್ ನಾಸ್ಟ್, 1871ರಲ್ಲಿ. ನದಿಯ ದಡದಲ್ಲಿ ಮಕ್ಕಳು ಹೆದರಿ ಮುದುಡಿದ್ದಾರೆ. ಒಬ್ಬ ಮೇಷ್ಟ್ರು ಅವರಿಗೆ ಅಡ್ಡ ನಿಂತಿದ್ದಾರೆ. ನೀರಿನಿಂದ ಮೊಸಳೆಗಳು ತೆವಳಿಕೊಂಡು ಬರುತ್ತಿವೆ. ಕಣ್ಣಿಟ್ಟು ನೋಡಿದರೆ ಅವು ಮೊಸಳೆಗಳಲ್ಲ, ಕ್ಯಾಥೊಲಿಕ್ ಬಿಷಪ್ಪರು. ಅವರ ತಲೆಯ ಮೇಲಿನ ಎತ್ತರದ ಟೋಪಿಯೇ ಮೊಸಳೆಯ ತೆರೆದ ಬಾಯಿ. ಚಿತ್ರದ ಹೆಸರು "ಅಮೆರಿಕದ ಗಂಗಾ ನದಿ". ನಮ್ಮ ಗಂಗೆಯ ಹೆಸರನ್ನು ಭಯ ಹುಟ್ಟಿಸೋಕೆ ಬಳಸಿದ್ದಾರೆ, ಅದು ನನ್ನ ಮನಸ್ಸಿಗೆ ಚುಚ್ಚಿತು ಅಂತ ಸಭೆಯಲ್ಲೂ ಹೇಳಿದೆ. ರಿಪಬ್ಲಿಕನ್ ಪಕ್ಷಕ್ಕೆ ಆನೆಯ ಗುರುತನ್ನು ಅಂಟಿಸಿದ್ದೂ ಇದೇ ನಾಸ್ಟ್ ಕೈ.

ಇಲ್ಲಿಂದ ಬೇಗ ಮುಂದೆ ಹೋಗುತ್ತೇನೆ, 1960ಕ್ಕೆ.

ಜಾನ್ ಕೆನಡಿ ಕ್ಯಾಥೊಲಿಕ್. ಡೆಮಾಕ್ರಟ್. ಪೋಪ್ ಹೇಳಿದ ಹಾಗೆ ಕೇಳುವ ಅಧ್ಯಕ್ಷ ಬರುತ್ತಾನೆ ಅಂತ ದಕ್ಷಿಣದ ಪ್ರಾಟೆಸ್ಟೆಂಟರಿಗೆ ಅಂಜಿಕೆ. ಸೆಪ್ಟೆಂಬರ್ 12ರಂದು ಕೆನಡಿ ಹ್ಯೂಸ್ಟನ್‌ನಲ್ಲಿ ಪಾದ್ರಿಗಳ ಸಭೆಗೆ ಹೋಗಿ, ಚರ್ಚ್ ಮತ್ತು ಸರ್ಕಾರ ಪೂರ್ತಿ ಬೇರೆಯಾಗಿರುವ ಅಮೆರಿಕವನ್ನು ನಾನು ನಂಬುತ್ತೇನೆ ಅಂದರು. ಗೆದ್ದ ಮೇಲೆ ಚರ್ಚ್ ಶಾಲೆಗಳಿಗೆ ಕೇಂದ್ರದ ನೆರವನ್ನು ಅವರು ಒಪ್ಪಲೂ ಇಲ್ಲ, ಅವರ ಚರ್ಚಿನ ಬಿಷಪ್ಪರಿಗೆ ಅದರಿಂದ ಬೇಸರವಾಯಿತು. ಎಂಬತ್ತು ವರ್ಷ ಹಿಂದೆ ಬ್ಲೇನ್ ಕಡೆಯವರು ಹೇಳಿದ್ದ ಮಾತು ಈಗ ಡೆಮಾಕ್ರಟರ ಬಾಯಲ್ಲಿ ಬಂದಿತ್ತು.

ಕೆನಡಿಯವರನ್ನು ವಿರೋಧಿಸಿದವರಲ್ಲಿ ಡಲ್ಲಾಸ್‌ನ ಬ್ಯಾಪ್ಟಿಸ್ಟ್ ಪಾದ್ರಿ ಡಬ್ಲ್ಯು. ಎ. ಕ್ರಿಸ್ವೆಲ್ ಒಬ್ಬರು. ಆಗ ಅವರ ವಾದ, ಚರ್ಚ್ ಮತ್ತು ಸರ್ಕಾರ ಬೇರೆ ಇರಬೇಕು, ಕ್ಯಾಥೊಲಿಕರಿಗೆ ಅದು ಅರ್ಥವಾಗೋದಿಲ್ಲ ಅಂತ. 1984ರಲ್ಲಿ ಅವರೇ ಟಿವಿಯಲ್ಲಿ, ಈ ಬೇರ್ಪಡೆ ಅನ್ನೋದು ಯಾರೋ ನಾಸ್ತಿಕನ ಕಲ್ಪನೆ ಅಂದರು. ನಡುವೆ ಇಪ್ಪತ್ತನಾಲ್ಕು ವರ್ಷ, ಅಷ್ಟೇ. ಆ ನಡುವೆ ಏನಾಗಿತ್ತು? 1962ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಅಧಿಕೃತ ಪ್ರಾರ್ಥನೆ ಮಾಡಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತ್ತು. 1979ರಲ್ಲಿ ಮಾರಲ್ ಮೆಜಾರಿಟಿ ಅನ್ನೋ ಸಂಪ್ರದಾಯವಾದಿ ಕ್ರೈಸ್ತರ ಸಂಘಟನೆ ಹುಟ್ಟಿತ್ತು. 1980ರಲ್ಲಿ ರಿಪಬ್ಲಿಕನ್ ಅಭ್ಯರ್ಥಿ ರೇಗನ್ ಡಲ್ಲಾಸ್‌ನಲ್ಲಿ ಪಾದ್ರಿಗಳ ಮುಂದೆ, ನೀವು ನನ್ನನ್ನು ಬೆಂಬಲಿಸುವ ಹಾಗಿಲ್ಲ ಅಂತ ಗೊತ್ತು, ಆದರೆ ನಾನು ನಿಮ್ಮನ್ನು ಬೆಂಬಲಿಸುತ್ತೇನೆ ಅಂದಿದ್ದರು. 1982ರಲ್ಲಿ ದಕ್ಷಿಣದ ಬ್ಯಾಪ್ಟಿಸ್ಟರ ಒಕ್ಕೂಟ ರೇಗನ್ನರ ಶಾಲಾ ಪ್ರಾರ್ಥನೆ ತಿದ್ದುಪಡಿಗೆ ಬೆಂಬಲದ ನಿರ್ಣಯ ಮಾಡಿತು. 1984ರಲ್ಲಿ ಅದು ಸೆನೆಟ್‌ನಲ್ಲಿ 56ಕ್ಕೆ 44 ಆಗಿ, ಬೇಕಾದಷ್ಟು ಮತ ಸಾಲದೆ ಬಿತ್ತು.

ಪ್ರಮಾಣಪತ್ರ ಹಿಡಿದು ತೆರಿಗೆ ಕಚೇರಿ ಮುಂದೆ ನಿಂತಿದ್ದ ಜನರ ಮೊಮ್ಮಕ್ಕಳ ಮಕ್ಕಳು ಇವರು. ಹೊಳೆ ದಾಟಿದ ಮೇಲೆ ಅಂಬಿಗನ ನೆನಪು ಇರೋದಿಲ್ಲ ಅಂತಾರಲ್ಲ, ಇಲ್ಲಿ ಹಾಗೇ ಆಯಿತು. ದಕ್ಷಿಣದಲ್ಲಿ ಅವರೇ ದೊಡ್ಡ ಪಂಗಡವಾಗಿದ್ದರು. ಗೋಡೆ ಈಗ ಅವರನ್ನು ಕಾಯುತ್ತಿರಲಿಲ್ಲ, ತಡೆಯುತ್ತಿತ್ತು.

ಡೆಮಾಕ್ರಟರ ಕಡೆಯದ್ದೂ ಹೇಳಬೇಕು, ಇಲ್ಲದಿದ್ದರೆ ಒಂದೇ ಪಕ್ಷವನ್ನು ಬೈದ ಹಾಗಾಗುತ್ತದೆ. ಆರಿಗನ್ ರಾಜ್ಯದಲ್ಲಿ ವ್ಯಸನಮುಕ್ತಿ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು, ಮೂಲನಿವಾಸಿಗಳ ಚರ್ಚಿನ ಪೂಜೆಯಲ್ಲಿ ಪೆಯೋಟಿ ಅನ್ನೋ ಕಳ್ಳಿಯನ್ನು ಪ್ರಸಾದದ ಹಾಗೆ ತಿಂದರು. ಅದು ಮಾದಕ ವಸ್ತು. ಕೆಲಸ ಹೋಯಿತು. ನಿರುದ್ಯೋಗ ಭತ್ಯೆಯೂ ಸಿಗಲಿಲ್ಲ. 1990ರಲ್ಲಿ ಸುಪ್ರೀಂ ಕೋರ್ಟ್ ಅವರ ವಿರುದ್ಧ ತೀರ್ಪು ಕೊಟ್ಟಿತು, ಎಲ್ಲರಿಗೂ ಒಂದೇ ಆಗಿರುವ ಕಾನೂನಿನಿಂದ ಧರ್ಮದ ಹೆಸರಲ್ಲಿ ವಿನಾಯಿತಿ ಕೇಳುವಂತಿಲ್ಲ ಅಂತ. ತೀರ್ಪು ಬರೆದವರು ಸ್ಕಾಲಿಯಾ, ಬಲಪಂಥದ ದೊಡ್ಡ ಹೆಸರು. ಇದನ್ನು ಸರಿಮಾಡಲು 1993ರಲ್ಲಿ ಧಾರ್ಮಿಕ ಸ್ವಾತಂತ್ರ್ಯ ಮರುಸ್ಥಾಪನೆ ಕಾಯ್ದೆ ಬಂತು. ಕೆಳಮನೆಯಲ್ಲಿ ಮಂಡಿಸಿದವರು ಡೆಮಾಕ್ರಟ್ ಚಕ್ ಷೂಮರ್. ಸೆನೆಟ್‌ನಲ್ಲಿ ಡೆಮಾಕ್ರಟ್ ಟೆಡ್ ಕೆನಡಿ, ರಿಪಬ್ಲಿಕನ್ ಆರಿನ್ ಹ್ಯಾಚ್ ಜೊತೆಯಾಗಿ ನಿಂತರು. 97ಕ್ಕೆ 3 ಮತ. ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದರು.

2014ರಲ್ಲಿ ಹಾಬಿ ಲಾಬಿ ಅನ್ನೋ ಅಂಗಡಿಗಳ ಕಂಪನಿ ಅದೇ ಕಾಯ್ದೆ ಹಿಡಿದು ಕೋರ್ಟಿಗೆ ಬಂತು. ನಮ್ಮ ನಂಬಿಕೆಗೆ ಒಗ್ಗದ ಕೆಲವು ಗರ್ಭನಿರೋಧಕಗಳಿಗೆ ನೌಕರರ ವಿಮೆಯಲ್ಲಿ ದುಡ್ಡು ಕೊಡೋದಿಲ್ಲ ಅಂತ. 5ಕ್ಕೆ 4ರಲ್ಲಿ ಗೆದ್ದಿತು. ಲಾಭಕ್ಕೆ ನಡೆಯುವ ಕಂಪನಿಗಳಿಗೆ ಅಂತ ನಾವು ಈ ಕಾನೂನು ಬರೆದಿರಲಿಲ್ಲ ಅಂದರು ಷೂಮರ್. ಅದಾದ ಮೇಲೆ ಡೆಮಾಕ್ರಟರು ಈ ಕಾಯ್ದೆಯ ವ್ಯಾಪ್ತಿ ಕಡಿಮೆ ಮಾಡುವ ಮಸೂದೆ ತಂದರು, ರಿಪಬ್ಲಿಕನ್ನರು ಅದನ್ನು ಎದೆಗೊತ್ತಿ ಹಿಡಿದುಕೊಂಡರು. ಕಾಯ್ದೆಯ ಪದಗಳು ಅವೇ. ಮುಂದೆ ನಿಂತು ಕೇಳುತ್ತಿದ್ದವರು ಬೇರೆ. ಒಬ್ಬ ಬಡ ಮೂಲನಿವಾಸಿ ನಿಂತಾಗ ಕಾಣುವ ನ್ಯಾಯ, ನೂರಾರು ಅಂಗಡಿಗಳ ಮಾಲೀಕ ನಿಂತಾಗ ಬೇರೆ ಥರ ಕಾಣುತ್ತದೆ. ಇದರಲ್ಲಿ ಬರೀ ಸ್ವಾರ್ಥವೇ ಇದೆ ಅಂತ ನಾನು ಹೇಳೋದಿಲ್ಲ. ನೌಕರರ ಮೇಲೆ ಬೀಳುವ ಹೊರೆಯ ಪ್ರಶ್ನೆ ನಿಜವಾದದ್ದೇ.

ಈಗ ಮೊಂಟಾನಾ. 2015ರಲ್ಲಿ ಅಲ್ಲಿ ಖಾಸಗಿ ಶಾಲೆಗಳ ವಿದ್ಯಾರ್ಥಿವೇತನಕ್ಕೆ ದಾನ ಕೊಟ್ಟವರಿಗೆ ತೆರಿಗೆಯಲ್ಲಿ 150 ಡಾಲರ್‌ವರೆಗೆ ರಿಯಾಯಿತಿ ಬಂತು. ಆ ದುಡ್ಡು ಧರ್ಮದ ಶಾಲೆಗೆ ಹೋಗುವಂತಿಲ್ಲ, ರಾಜ್ಯ ಸಂವಿಧಾನದ ಹಳೇ ಸಾಲು ಬಿಡೋದಿಲ್ಲ ಅಂತಾಯಿತು. ಪೋಷಕರು ಕೇಸು ಹಾಕಿದರು. ಎಸ್ಪಿನೋಜಾ ಪ್ರಕರಣ ಅಂತ ಹೆಸರು. 2020ರ ಜೂನ್ 30ರಂದು ಸುಪ್ರೀಂ ಕೋರ್ಟ್ 5ಕ್ಕೆ 4ರಲ್ಲಿ ಪೋಷಕರ ಪರ ನಿಂತಿತು. ಆ ಐದೂ ಜನರನ್ನು ನೇಮಿಸಿದ್ದು ರಿಪಬ್ಲಿಕನ್ ಅಧ್ಯಕ್ಷರು. ನ್ಯಾಯಮೂರ್ತಿ ಅಲಿಟೊ ಬೇರೆಯಾಗಿ ಬರೆದ ಅಭಿಪ್ರಾಯದಲ್ಲಿ ಒಂದು ಚಿತ್ರವನ್ನೂ ಸೇರಿಸಿದ್ದರು. ನಾಸ್ಟ್ ಬರೆದ ಆ ಮೊಸಳೆ ಚಿತ್ರ. ಈ ಸಾಲುಗಳ ಹಿಂದೆ ಎಂಥ ದ್ವೇಷ ಇತ್ತು ನೋಡಿ ಅನ್ನೋದಕ್ಕೆ ಸಾಕ್ಷಿಯಾಗಿ. 1875ರಲ್ಲಿ ರಿಪಬ್ಲಿಕನ್ನರು ಕಟ್ಟಲು ಹೊರಟಿದ್ದ ಗೋಡೆ. 2020ರಲ್ಲಿ ಅವರು ನೇಮಿಸಿದವರೇ ಒಡೆದರು. ಕಾಪಾಡಲು ನಿಂತವರು ಡೆಮಾಕ್ರಟರು ನೇಮಿಸಿದ ನಾಲ್ವರು.

ನಾಲ್ವರು ಹೇಳಿದ್ದರಲ್ಲೂ ಅರ್ಥ ಇದೆ. ಮೊಂಟಾನಾ 1972ರಲ್ಲಿ ಹೊಸ ಸಂವಿಧಾನ ಬರೆದುಕೊಂಡಾಗ ಆ ಸಾಲನ್ನು ಮತ್ತೆ ಚರ್ಚಿಸಿ ಇಟ್ಟುಕೊಂಡಿತ್ತು, ಆಗ ಅದರ ಹಿಂದೆ ಕ್ಯಾಥೊಲಿಕರ ಮೇಲಿನ ಸಿಟ್ಟು ಇರಲಿಲ್ಲ. ಹುಟ್ಟು ಕೆಟ್ಟದ್ದಾಗಿದ್ದ ಒಂದು ನಿಯಮ ಆಮೇಲೆ ಒಳ್ಳೆಯ ಕಾರಣಕ್ಕೆ ಬದುಕಬಹುದು. ನನ್ನ ಮನಸ್ಸು ಇವರ ಕಡೆಗೇ ವಾಲುತ್ತದೆ. ಮುಚ್ಚಿಡೋದು ಬೇಡ ಅಂತ ಹೇಳುತ್ತಿದ್ದೇನೆ.

ಕಥೆ ಅಲ್ಲಿಗೂ ಮುಗಿದಿಲ್ಲ. ಒಕ್ಲಹೋಮಾದಲ್ಲಿ ಕ್ಯಾಥೊಲಿಕ್ ಚರ್ಚ್ ಪೂರ್ತಿ ಸರ್ಕಾರದ ದುಡ್ಡಿನಲ್ಲಿ ಒಂದು ಚಾರ್ಟರ್ ಶಾಲೆ ನಡೆಸಲು ಹೊರಟಿತು. ಗವರ್ನರ್ ರಿಪಬ್ಲಿಕನ್, ಅವರು ಪರ. ರಾಜ್ಯದ ಅಟಾರ್ನಿ ಜನರಲ್ ಕೂಡ ರಿಪಬ್ಲಿಕನ್, ಅವರು ವಿರೋಧ. ಇವತ್ತು ಇವರಿಗೆ ಕೊಟ್ಟರೆ ನಾಳೆ ಎಲ್ಲ ಧರ್ಮದವರಿಗೂ ಕೊಡಬೇಕಾಗುತ್ತದೆ ಅಂತ ಅವರ ವಾದ. 2025ರ ಮೇನಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ 4ಕ್ಕೆ 4 ಆಯಿತು, ರಾಜ್ಯ ಕೋರ್ಟಿನ ತಡೆ ಹಾಗೇ ಉಳಿದು ಶಾಲೆಗೆ ಅವಕಾಶ ಸಿಗಲಿಲ್ಲ. ಒಂದೇ ಪಕ್ಷದೊಳಗೆ ಎರಡು ಕಾಲದ ನಿಲುವುಗಳು ಎದುರು ಬದುರು ನಿಂತಿದ್ದು ನನಗೆ ಇಲ್ಲಿ ತುಂಬಾ ಸ್ಪಷ್ಟವಾಗಿ ಕಂಡಿತು.

ಅಮೆರಿಕದಲ್ಲಿ ಮಾತ್ರ ಹೀಗಾ ಅಂತ ಸಭೆಯಲ್ಲಿ ಒಬ್ಬರು ಕೇಳಿದರು. ಇಲ್ಲ. ಬ್ರಿಟನ್ನಿನ ಗ್ಲ್ಯಾಡ್‌ಸ್ಟನ್ 1838ರಲ್ಲಿ ಸರ್ಕಾರ ಒಂದು ಚರ್ಚನ್ನು ಎತ್ತಿಹಿಡಿಯಲೇಬೇಕು ಅಂತ ಒಂದು ಪುಸ್ತಕವನ್ನೇ ಬರೆದರು. 1869ರಲ್ಲಿ ಪ್ರಧಾನಿಯಾಗಿ ಐರ್ಲೆಂಡ್‌ನ ಅಧಿಕೃತ ಚರ್ಚಿನ ಸ್ಥಾನ ತೆಗೆದದ್ದು ಅವರೇ. ಅಲ್ಲಿ ಎಂಟರಲ್ಲಿ ಒಬ್ಬರಷ್ಟೇ ಆ ಚರ್ಚಿನವರು. ಸ್ವೀಡನ್ನಿನ ಸೋಶಿಯಲ್ ಡೆಮಾಕ್ರಟರು ಆರಂಭದ ದಶಕಗಳಲ್ಲಿ ಸರ್ಕಾರಿ ಚರ್ಚ್ ಬೇಡ ಅಂದವರು. ಅಧಿಕಾರಕ್ಕೆ ಬಂದ ಮೇಲೆ ಚರ್ಚನ್ನು ಬಿಟ್ಟುಕೊಡೋದಕ್ಕಿಂತ ಕೈಯಲ್ಲಿಟ್ಟುಕೊಂಡು ತಿದ್ದೋದು ಮೇಲು ಅನ್ನಿಸಿತು. ಹೆಂಗಸರಿಗೆ ಪಾದ್ರಿಯಾಗುವ ಹಕ್ಕು 1958ರಲ್ಲಿ ಬಂದದ್ದು ಹಾಗೆ. ಬೇರ್ಪಟ್ಟಿದ್ದು 2000ದ ಜನವರಿ 1ಕ್ಕೆ. ಆಮೇಲೂ ಚರ್ಚಿನ ಚುನಾವಣೆಯಲ್ಲಿ ಪಕ್ಷಗಳು ನಿಲ್ಲುತ್ತಲೇ ಬಂದವು. ಫ್ರಾನ್ಸಿನಲ್ಲಿ 1905ರ ಬೇರ್ಪಡೆ ಕಾನೂನನ್ನು ತಂದದ್ದು ಎಡಪಂಥೀಯರು, ಬೀದಿಗಿಳಿದು ವಿರೋಧಿಸಿದ್ದು ಕ್ಯಾಥೊಲಿಕ್ ಬಲಪಂಥ. 2011ರಿಂದ ಈಚೆಗೆ ಮರೀನ್ ಲ ಪೆನ್ ಅವರ ಕಡು ಬಲಪಂಥದ ಪಕ್ಷದಷ್ಟು ಜೋರಾಗಿ ಆ ಕಾನೂನಿನ ಹೆಸರು ಹೇಳುವವರು ಕಡಿಮೆ. ಯಾಕೆಂದರೆ ಅವರ ಕಣ್ಣು ಈಗ ಮುಸ್ಲಿಮರ ಮೇಲಿದೆ. ಕಾನೂನು ಹುಟ್ಟಿದ್ದು ಬಲಿಷ್ಠ ಚರ್ಚನ್ನು ತಡೆಯೋಕೆ, ಬಳಕೆ ಆಗುತ್ತಿರೋದು ಕಡಿಮೆ ಜನ ಇರುವವರ ಮೇಲೆ. ಇದು ನನಗೆ ನೋವು ಕೊಡುವ ಬದಲಾವಣೆ.

ಇನ್ನೊಬ್ಬರು ಕೇಳಿದರು, ಹಾಗಾದರೆ ಎಲ್ಲರೂ ಗಾಳಿ ಬಂದಾಗ ತೂರಿಕೊಳ್ಳುವವರೇನಾ, ನಿಜವಾಗಿ ನಂಬಿ ನಿಂತವರು ಯಾರೂ ಇಲ್ವಾ?

ಚೀಸ್ ತಂದ ಲೀಲ್ಯಾಂಡ್ ಬಗ್ಗೆ ಮತ್ತೆ ಹೇಳಿದೆ. ಯಹೂದಿಗಳು, ತುರ್ಕರು, ಬೇರೆ ದೇವರ ಪೂಜೆ ಮಾಡುವವರು, ಕ್ರೈಸ್ತರು, ಎಲ್ಲರೂ ಒಂದೇ ರೀತಿ ಸ್ವತಂತ್ರರಾಗಿರಬೇಕು ಅಂತ ಅವರು 1790ರಲ್ಲೇ ಬರೆದಿದ್ದರು. ವರ್ಜೀನಿಯಾದಲ್ಲಿ ಬ್ಯಾಪ್ಟಿಸ್ಟ್ ಪಾದ್ರಿಗಳನ್ನು ಜೈಲಿಗೆ ಹಾಕಿದ ಕಾಲ ಕಂಡವರು. ಮುಂದೆ ಮ್ಯಾಸಚೂಸೆಟ್ಸ್ ವಿಧಾನಸಭೆಗೂ ಹೋದರು, ಆ ತೆರಿಗೆಯ ವಿರುದ್ಧ ಮಾತಾಡೋಕೆ. ಭಾನುವಾರ ಅಂಚೆ ನಿಲ್ಲಿಸಬೇಕು ಅಂತ ದೇಶದ ಪಾದ್ರಿಗಳು ಒತ್ತಾಯ ಮಾಡಿದಾಗ ಈ ಪಾದ್ರಿ ಅದಕ್ಕೂ ವಿರೋಧ ನಿಂತರು. ತಮ್ಮ ದೇವರ ದಿನವನ್ನೂ ಸರ್ಕಾರದ ಕೈಯಲ್ಲಿ ಆಚರಿಸೋದು ಅವರಿಗೆ ಬೇಡವಾಗಿತ್ತು. ಮ್ಯಾಸಚೂಸೆಟ್ಸ್ ಆ ತೆರಿಗೆಯನ್ನು ಕೊನೆಗೂ ಬಿಟ್ಟದ್ದು 1833ರಲ್ಲಿ. ಆಗ ಲೀಲ್ಯಾಂಡ್‌ಗೆ 79 ವರ್ಷ.